ಚಕ್ರವರ್ತಿ ಕೊಯ್ದು ತಂದ ಸೊಪ್ಪು

ಇದನ್ನು ಹೇಳಿಬಿಡಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಒಮ್ಮೆ ಹೊಲದ ಕೆಲಸ ಅಡ್ಡ ಬಂತು, ಒಮ್ಮೆ ಕಣ್ಣಿನ ಆಪರೇಷನ್ ಅಡ್ಡ ಬಂತು, ಇನ್ನೊಮ್ಮೆ ಏನೂ ಅಡ್ಡ ಬರಲಿಲ್ಲ, ಆಗಲೂ ಹೇಳಲಿಲ್ಲ. ಕೇಳಿದವರಿಗೆ ನಗು ಬರಬಹುದು. ಅರವತ್ತೇಳನೆಯ ವಯಸ್ಸಿನಲ್ಲಿ ನಾನು ಒಂದು ಟ್ಯಾಬ್ಲೆಟ್ಟಿನ ಆಟದಲ್ಲಿ ಚಕ್ರವರ್ತಿಯಾದೆ, ಅದರ ದೆಸೆಯಿಂದ ಮನೆಯಲ್ಲೇ ಒಬ್ಬರಿಗೆ ಅನ್ಯಾಯ ಮಾಡಿದೆ. ನಗುವವರು ಮೊದಲರ್ಧಕ್ಕೆ ನಕ್ಕುಕೊಳ್ಳಲಿ.

ಬೈರಾಪಟ್ಟಣದ ಹತ್ತಿರ ನಮ್ಮದು ಎರಡು ಎಕರೆ ಹತ್ತು ಗುಂಟೆ. ಬಹುಪಾಲು ಹಿಪ್ಪುನೇರಳೆ. ಮನೆಯ ಹಿಂದೆ ಶೀಟು ಹಾಕಿದ ರೇಷ್ಮೆ ಹುಳದ ಮನೆ. ಕಾಲೇಜಿಗೆ ಹೋಗುವ ಮೊಮ್ಮಗಳು ಹೊಸ ಟ್ಯಾಬ್ಲೆಟ್ ಕೊಂಡಾಗ ಹಳೆಯದನ್ನು ನನಗೆ ಕೊಟ್ಟಳು. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡಿಗೆ ಏನು ರೇಟಿದೆ ಎಂದು ಕೂತಲ್ಲೇ ನೋಡಿಕೊಳ್ಳಲಿ ಎನ್ನುವುದು ಅವಳ ಉದ್ದೇಶ. ನಾನು ನೋಡಿದ್ದು ಅದರೊಳಗಿದ್ದ ಆಟವನ್ನು.

ಒಂದು ಊರು, ಒಬ್ಬ ಈಟಿಯವನು, ಹೊಸ ಊರು ಕಟ್ಟಲು ಹೊರಟ ಒಂದು ಗುಂಪು ಜನ. ಇಷ್ಟರಿಂದ ಶುರು. ನಮ್ಮ ಸರದಿಯಲ್ಲಿ ನಮ್ಮವರನ್ನೆಲ್ಲ ನಡೆಸಿ ಮುಗಿಸಿ ಬಟನ್ ಒತ್ತಿದರೆ ಎದುರಾಳಿಗಳ ಸರದಿ, ಆಮೇಲೆ ಮತ್ತೆ ನಮ್ಮದು.

"ಗಡಿಬಿಡಿ ಇಲ್ಲ ತಾತ, ನೀನು ಬಟನ್ ಒತ್ತೋವರ್ಗೂ ಇಡೀ ಪ್ರಪಂಚ ಕಾಯ್ತದೆ" ಎಂದಳು ಮೊಮ್ಮಗಳು. "ಇವ್ರು ವ್ಯಾಪಾರದೋರು, ಇವ್ರು ಓದೋರು, ಇವ್ರು ಜಾಗ ಹಿಡ್ಕೊಂಡು ಹೋಗೋರು. ನೀನು ಯಾರಾಯ್ತೀಯ?"

"ಜಾಗ ಹಿಡಿಯೋರು."

"ಎರಡೆಕ್ರೆ ಸಾವ್ಕಾರನ ಆಸೆ ನೋಡು."

ಜಾಗ ಹಿಡಿಯುವ ಆ ಜನಕ್ಕೆ ಹೊಸ ಊರು ಕಟ್ಟುವುದು ಸಲೀಸು. ಬೇರೆಯವರು ಒಂದು ಕಟ್ಟುವುದರೊಳಗೆ ನಾನು ಮೂರು ಕಟ್ಟುತ್ತಿದ್ದೆ. ಊರಿಗೆ ನಾವೇ ಹೆಸರಿಡಬಹುದು, ನಾನು ನಮ್ಮ ಕಡೆಯ ಊರುಗಳ ಹೆಸರನ್ನೇ ಇಟ್ಟೆ. ನನ್ನ ಸಾಮ್ರಾಜ್ಯದಲ್ಲಿ ಸೋಲೂರು ಸಮುದ್ರದ ದಂಡೆಯ ಮೇಲಿತ್ತು, ಹಡಗು ಬಂದು ನಿಲ್ಲುತ್ತಿತ್ತು. ಕಲ್ಯವನ್ನು ಹಿಮದ ಮೇಲೆ ಕಟ್ಟಿದೆ. ಪಾಪ, ಅಲ್ಲಿನವರಿಗೆ ತಿನ್ನಲು ಮೀನು ಬಿಟ್ಟರೆ ಬೇರೇನೂ ಇರಲಿಲ್ಲ. ಮಾಗಡಿಯವರು ಎರಡು ಸಲ ದಂಗೆ ಎದ್ದರು. 'ಜನ ಹಸಿದಿದ್ದಾರೆ' ಎಂದು ಪರದೆಯ ಮೂಲೆಯಲ್ಲಿ ಕೆಂಪಗೆ ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಅದನ್ನು ಓದಲು ಸಾಕಾಗುತ್ತಿತ್ತು. ಓದಿ, ಒರೆಸಿ, ಮುಂದಕ್ಕೆ ಹೋಗುತ್ತಿದ್ದೆ. ನೀಲಿ ಬಾವುಟದ ಪಕ್ಕದ ರಾಣಿ, ನಮ್ಮ ಗಡಿಯ ಹತ್ತಿರ ಊರು ಕಟ್ಟಬೇಡಿ ಎಂದು ಮರ್ಯಾದೆಯಿಂದ ಹೇಳಿ ಕಳಿಸುತ್ತಿದ್ದಳು. ಕಟ್ಟುವುದಿಲ್ಲ ಎಂದು ಮಾತು ಕೊಡಲು ಒಂದು ಬಟನ್ ಇತ್ತು. ಮುರಿಯಲು ಬಟನ್ನೂ ಬೇಕಿರಲಿಲ್ಲ.

ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಭಾವ ತೀರಿಕೊಂಡ ಮೇಲೆ ಬಂದವಳು, ನಲವತ್ತು ವರ್ಷವಾಯಿತು. ಹುಳದ ಮನೆ ನಡೆದದ್ದು ಅವಳಿಂದ. ತಟ್ಟೆಯ ಮೇಲೆ ಬಗ್ಗಿ ನೋಡಿಯೇ, ಇವು ನಾಳೆ ಜ್ವರಕ್ಕೆ ಕೂರುತ್ತವೆ, ಸೊಪ್ಪು ನಿಲ್ಲಿಸಿ ಎನ್ನುತ್ತಿದ್ದಳು. ಹಾಗೆಯೇ ಆಗುತ್ತಿತ್ತು. ಹುಳ ಮೇವು ಬಿಟ್ಟು ಪೊರೆ ಕಳಚುವುದನ್ನು ನಾವು ಜ್ವರ ಎನ್ನುತ್ತೇವೆ. ಅವಳಿಗಿದ್ದ ಒಂದೇ ಚಟ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು. ರೇಷ್ಮೆ ಹುಳಕ್ಕೆ ಹೊಗೆಸೊಪ್ಪು ವಿಷ. ಅದನ್ನು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಹುಳ ಕಕ್ಕಿ ಸಾಯುತ್ತದೆ. ಅದಕ್ಕೇ ಅವಳು ಸಂಚಿಯನ್ನು ಹೊರಗಿನ ಮೊಳೆಗೆ ನೇತುಹಾಕಿ, ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತೊಳೆದೇ ಒಳಗೆ ಹೋಗುತ್ತಿದ್ದಳು. ನಲವತ್ತು ವರ್ಷದಲ್ಲಿ ಒಂದು ಬೆಳೆಯೂ ಅವಳ ಕೈಯಿಂದ ಕೆಟ್ಟಿರಲಿಲ್ಲ.

ಆ ಸಲ ಹುಳ ಕೊನೆಯದಾದ ನಾಲ್ಕನೇ ಜ್ವರ ಎದ್ದು ನಾಲ್ಕು ದಿನವಾಗಿತ್ತು. ಎಷ್ಟು ಸೊಪ್ಪು ಹಾಕಿದರೂ ಸಾಲದು ಎನ್ನುವ ಹೊತ್ತು. ಹೆಂಡತಿ ತನ್ನ ತಂಗಿಯ ಮನೆಯ ಮದುವೆಗೆಂದು ಕನಕಪುರಕ್ಕೆ ಹೋಗಿದ್ದಳು. ಮಂಡಿ ನೋವಿನ ಅಕ್ಕ ಒಳಗೆ, ಸೊಪ್ಪು ತರುವುದು ನನ್ನ ಕೆಲಸ. ಬೆಳಿಗ್ಗೆ ತಂಪು ಹೊತ್ತಿನಲ್ಲೇ ಕೊಯ್ಯಬೇಕು. ನಾನು ಜಗಲಿಯ ಮೇಲೆ ನೀಲಿ ರಾಣಿಯ ಊರೊಂದಕ್ಕೆ ಮುತ್ತಿಗೆ ಹಾಕಿ ಕೂತಿದ್ದೆ.

ಪಕ್ಕದ ಹೊಲದವನು ಬಂದ. ನಮ್ಮ ಕಡೆ ಯಾರಾದರೂ ತರಕಾರಿಗೆ ಔಷಧಿ ಹೊಡೆದರೆ ಹುಳ ಸಾಕುವವರ ಮನೆಗೆ ಬಂದು ಹೇಳಿ ಹೋಗುತ್ತಾರೆ.

"ಅಣ್ಣ, ನೆನ್ನೆ ಸಾಯಂಕಾಲ ಬೀನ್ಸ್‌ಗೆ ಔಸ್ದಿ ಹೊಡ್ದೆ. ಗಾಳಿ ನಿಮ್ ಕಡೀಕೇ ಇತ್ತು. ಬದಿನ ಪಕ್ಕದ ಐದಾರು ಸಾಲು ಮುಟ್ಬ್ಯಾಡ."

"ಆಯ್ತು ಕಣಪ್ಪ" ಎಂದೆ. ತಲೆ ಎತ್ತಲಿಲ್ಲ.

ಬಿಸಿಲೇರಿತು. ಹುಳದ ಮನೆಯಿಂದ ಅಕ್ಕನ ದನಿ.

"ಲೋ, ಸೊಪ್ಪೆಲ್ಲೋ? ತಟ್ಟೆ ಎಲ್ಲಾ ಬೋಳಾಗವೆ."

"ಬಂದೆ ಕಣಕ್ಕ, ಒಸಿ ತಡಿ."

"ಆಗ್ಲಿಂದ ಬತ್ತಾನೇ ಇದ್ದೀಯ. ಇವೇನು ನಿನ್ನ ಆಟದ ದಂಡು ಅನ್ಕಂಡಾ, ಕೂತ್ಕ ಅಂದ್ರೆ ಕೂತಿರಾಕೆ?"

ಊರು ಬಿದ್ದ ಮೇಲೆ ಎದ್ದೆ. ಬಾವಿಯ ಕಡೆಯ ಸಾಲು ದೂರ, ಬದುವಿನ ಸಾಲು ಹತ್ತಿರ. ಹತ್ತಿರದ್ದನ್ನು ಕೊಯ್ದೆ. ಮರೆತು ಕೊಯ್ದೆ ಎಂದು ಹೇಳಬಹುದಿತ್ತು, ಆದರೆ ಎರಡನೆಯ ಹೊರೆ ಕಟ್ಟುವಾಗ ಅವನ ಮಾತು ನೆನಪಾಯಿತು. ಎಲೆ ನೋಡಿದೆ, ಚೆನ್ನಾಗಿಯೇ ಕಾಣುತ್ತಿತ್ತು. ಅವನು ಯಾವಾಗಲೂ ಹೆದರಿಸುತ್ತಾನೆ ಎಂದುಕೊಂಡು ಹೊತ್ತು ತಂದೆ.

ಅಕ್ಕ ಒಂದು ಎಲೆ ಮೂಸಿದಳು. "ಯಾವ ಸಾಲಿಂದ್ಲಾ ತಂದೆ?"

"ಬಾವಿ ಕಡೆಯಿಂದ."

ಅವಳು ನಂಬಿದಳು. ಹಾಕಿದಳು.

ಮಧ್ಯಾಹ್ನ ಮೂರಕ್ಕೆಲ್ಲ ಹುಳ ತಲೆ ಎತ್ತಿ ಒದ್ದಾಡುತ್ತಿದ್ದವು, ಹಸಿರು ನೀರು ಕಕ್ಕುತ್ತಿದ್ದವು. ಸಂಜೆಯ ಹೊತ್ತಿಗೆ ಮುಕ್ಕಾಲು ಪಾಲು ಸತ್ತಿದ್ದವು. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು ಏನಾಯಿತು ಏನಾಯಿತು ಎಂದು ಕೇಳತೊಡಗಿದರು. ಆಗ ನಾನು, ಇಷ್ಟೆಲ್ಲ ಊರುಗಳ ಒಡೆಯ, ಹೇಳಿದ ಮಾತು ಇದು:

"ಇನ್ನೇನಾಯ್ತದೆ, ಹೊಗೆಸೊಪ್ಪು ತಿಕ್ಕೋ ಕೈಲಿ ಹುಳಕ್ಕೆ ಹಾಕುದ್ರೆ?"

ಅಕ್ಕ ತನ್ನ ಕೈ ನೋಡಿಕೊಂಡಳು. "ತೊಳ್ಕಂಡಿದ್ನಲ್ಲೋ."

"ಸೋಪು ಹಾಕಿದ್ಯಾ?"

ಅಕ್ಕ ಬೆರಳು ಮೂಸಿಕೊಂಡಳು. "ನೀನು ಸೊಪ್ಪು ತರೋದು ತಡ ಆಗಿತ್ತಲ್ಲ, ಆ ಗಾಬ್ರಿಲಿ... ಜ್ಞಾಪ್ಕ ಇಲ್ಲ ಕಣಪ್ಪ."

ನನಗೆ ಅಷ್ಟು ಸಾಕಾಯಿತು. ಬಾಗಿಲಲ್ಲಿದ್ದವರಿಗೂ ಸಾಕಾಯಿತು. ಮಾರನೆಯ ದಿನ ಪಕ್ಕದ ಹೊಲದವನು ಬಂದು, ಆ ಸಾಲು ಮುಟ್ಟಲಿಲ್ಲ ತಾನೇ ಎಂದು ಕೇಳಿದ. ಇಲ್ಲ ಎಂದೆ. ಸತ್ತ ಹುಳವನ್ನು ಗುಂಡಿ ತೋಡಿ ಮುಚ್ಚಿದೆವು. ಅಕ್ಕ ಸಂಚಿಯನ್ನೂ ಅದೇ ಗುಂಡಿಗೆ ಹಾಕಿದಳು. ಅರವತ್ತು ವರ್ಷದ ಚಟ. ಎರಡು ತಿಂಗಳು ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಆವತ್ತಿನಿಂದ ಹುಳದ ಮನೆಯ ಹೊಸ್ತಿಲನ್ನೂ ದಾಟಿಲ್ಲ.

ನಾನು? ಆಟ ನಿಲ್ಲಿಸಿದೆ ಎಂದುಕೊಂಡಿರಾ? ಇನ್ನೊಂದು ತಿಂಗಳು ಆಡಿ ಗೆದ್ದೆ. ನಿಮ್ಮ ನಾಗರಿಕತೆ ಎಂದೆಂದಿಗೂ ಉಳಿಯುತ್ತದೆ ಎಂದು ಪರದೆಯ ಮೇಲೆ ಬಂತು, ಗಟ್ಟಿಯಾಗಿ ಓದಿದೆ. "ಆಮೇಲೆ ಉಳಿಸ್ಕೊಳಿ, ಈಗ ಡೇರಿಗೆ ಹಾಲು ಹಾಕ್ ಬನ್ನಿ" ಎಂದಳು ಹೆಂಡತಿ.

ಈಗ ಹುಳ ನೋಡಿಕೊಳ್ಳುವುದು ನಾನು ಮತ್ತು ಹೆಂಡತಿ. ಅಕ್ಕ ಹೊರಗೆ ಕೂತು, "ಹುಳ ಎದ್ದವಾ? ಸೊಪ್ಪು ಬಾಡಿಲ್ಲ ತಾನೇ?" ಎಂದು ಕಿಟಕಿಯಿಂದಲೇ ಕೇಳುತ್ತಾಳೆ. ಹೆಂಡತಿ ಒಂದೆರಡು ಸಲ ಒಳಗೆ ಕರೆದಳು. "ಬ್ಯಾಡ ಕಣವ್ವ, ನನ್ನ ಕೈ ಸರಿಯಿಲ್ಲ" ಎಂದಳು ಅಕ್ಕ. ಈ ಮಾತನ್ನು ಅವಳ ಕೈಗೆ ಅಂಟಿಸಿದವನು ಅಲ್ಲೇ ಸೊಪ್ಪು ಕತ್ತರಿಸುತ್ತಾ ನಿಂತಿದ್ದ.

ಹೋದ ವರ್ಷ ಒಂದು ದಿನ ಧೈರ್ಯ ಮಾಡಿ ಅವಳ ಪಕ್ಕ ಕೂತೆ. "ಅಕ್ಕ, ಆವತ್ತು ಆ ಬೆಳೆ..." ಎಂದೆ.

"ನನ್ನಿಂದ್ಲೇ ಹೋಯ್ತಲ್ಲಪ್ಪ. ಅದ್ನ ಎತ್ಬ್ಯಾಡ ಕಣೋ, ಹೊಟ್ಟೆ ಉರೀತದೆ" ಎಂದಳು.

ಎತ್ತಲಿಲ್ಲ. ಎದ್ದು ಬಂದೆ. ಬರುವಾಗ ಎದೆ ಹಗುರವಾಗಿತ್ತು, ಅದೇ ನನ್ನ ದೊಡ್ಡ ನಾಚಿಕೆ.

ಮೊನ್ನೆ ಮೊಮ್ಮಗಳಿಗೆ ಎಲ್ಲ ಹೇಳಿ ಟ್ಯಾಬ್ಲೆಟ್ ವಾಪಸ್ ಕೊಟ್ಟೆ. ಪಕ್ಕದ ಹೊಲದವನಿಗೆ, ಸುಳ್ಳು ಹೇಳಿದೆ ಕಣಪ್ಪ, ತಪ್ಪಾಯಿತು ಎಂದೆ. "ಗೊತ್ತಿತ್ತು ಬುಡಣ್ಣ, ಸಾಲು ಬೋಳಾಗಿದ್ದು ನಂಗೆ ಕಾಣ್ತಿರ್ಲಿಲ್ವಾ" ಎಂದ. ಹೆಂಡತಿಗೂ ತಪ್ಪಾಯಿತು ಎಂದೆ. ಎರಡು ದಿನ ಮಾತು ಬಿಟ್ಟಿದ್ದು, ಮೂರನೆಯ ದಿನ, "ನಂಗ್ಯಾಕೆ ಹೇಳ್ತೀರ" ಎಂದಳು. ಯಾರ ಮುಂದೆ ಕೈ ಮುಗಿಯುವುದು ಸಲೀಸೋ ಅವರ ಬಳಿಗೆಲ್ಲ ಹೋಗಿ ಮುಗಿದು ಬಂದಿದ್ದೇನೆ. ಬಿಟ್ಟಿರುವುದು ಒಬ್ಬಳನ್ನು, ನನ್ನ ಅಕ್ಕನನ್ನು.