ದೀಪ ಹಚ್ಚಿದ ಮೇಲೆ ಹೆಪ್ಪು

ಸೂಟ್‌ಕೇಸಿನ ಪಕ್ಕದ ಜೇಬಿಗೆ ಕೈ ಹಾಕಿದರೆ ಮರಳು ಬಂತು. ಅದರ ಹಿಂದೆಯೇ ಒಂದು ಪುಟ್ಟ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು: ಕಮಲಾ. ನನ್ನ ಹೆಸರು ಕಮಲಾ ಅಲ್ಲ.

ಡಬ್ಬಿ ಅಲ್ಲಿದೆಯೆಂದು ಮರೆತೇಹೋಗಿತ್ತು ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳಿಗೆ ಸುಳ್ಳು ಬರೆಯಲು ಕೈ ಬರುವುದಿಲ್ಲ, ಹೇಳಲು ಮಾತ್ರ ಬಾಯಿ ಬರುತ್ತದೆ. ಗೊತ್ತಿತ್ತು. ಅದಕ್ಕೇ ಹೋದ ವರ್ಷ ಈ ಸೂಟ್‌ಕೇಸ್ ಬಿಟ್ಟು ಚಿಕ್ಕದನ್ನು ಒಯ್ದಿದ್ದೆ. ಈ ವರ್ಷ ಚಿಕ್ಕದರ ಚಕ್ರ ಮುರಿಯಿತು.

ನಾನು ಸ್ನೋಬರ್ಡ್. ಚಳಿ ಬಿದ್ದೊಡನೆ ನ್ಯೂಯಾರ್ಕ್ ಬಿಟ್ಟು ಫ್ಲೋರಿಡಾದ ಬೀಚಿಗೆ ಓಡಿಹೋಗಿ, ಏಪ್ರಿಲ್‌ನಲ್ಲಿ ಏನೂ ಆಗದವರಂತೆ ಹಿಂತಿರುಗುವ ಮುದುಕ ಮುದುಕಿಯರಿಗೆ ಇಲ್ಲಿ ಆ ಹೆಸರು. ಕನ್ನಡದಲ್ಲಿ ಹಿಮಪಕ್ಷಿ ಎಂದರೆ ಹಿಮವನ್ನು ಹುಡುಕಿಕೊಂಡು ಹೊರಟ ಯಾವುದೋ ತಪಸ್ವಿ ಹಕ್ಕಿಯಂತೆ ಕೇಳಿಸುತ್ತದೆ. ನಮ್ಮದು ತಪಸ್ಸಲ್ಲ, ಮಂಡಿನೋವು. ಯಜಮಾನರು ರಿಟೈರ್ ಆದಾಗ ಅಲ್ಲೊಂದು ಕಾಂಡೋ, ಅಂದರೆ ಸಣ್ಣ ಫ್ಲ್ಯಾಟ್, ತೆಗೆದುಕೊಂಡರು. ನಾಲ್ಕು ಚಳಿಗಾಲ ಬಾಲ್ಕನಿಯಲ್ಲಿ ಕೂತು, ನ್ಯೂಯಾರ್ಕಿನ ನಮ್ಮ ಫ್ಲೋರಲ್ ಪಾರ್ಕಿನಲ್ಲಿ ಎಷ್ಟು ಇಂಚು ಸ್ನೋ ಬಿತ್ತೆಂದು ಫೋನಿನಲ್ಲಿ ನೋಡಿ ಸಂತೋಷಪಟ್ಟರು. ಆಮೇಲೆ ಹೋಗಿಬಿಟ್ಟರು. ಕಾಂಡೋ ಉಳಿಯಿತು, ನಾನೂ ಉಳಿದೆ.

ಪ್ರತಿವರ್ಷ ನಾನು ಕ್ಯಾರಿ ಆನ್‌ನಲ್ಲಿ ಹೆಪ್ಪು ಒಯ್ಯುತ್ತೇನೆ. ಅಂಗಡಿಯ ಡಬ್ಬದ ಯೋಗರ್ಟ್‌ನಿಂದ ಮೊಸರಾಗುತ್ತದೆ, ಇಲ್ಲವೆನ್ನುವುದಿಲ್ಲ. ಬಾಡಿಗೆ ಮನೆಯೂ ಮನೆಯೇ. ಒಮ್ಮೆ ಏರ್‌ಪೋರ್ಟಿನಲ್ಲಿ ಸೆಕ್ಯೂರಿಟಿಯವನು ಡಬ್ಬಿ ಎತ್ತಿ ಹಿಡಿದು ಇದೇನು ಎಂದು ಕೇಳಿದ. "ಕಲ್ಚರ್" ಎಂದೆ, ಇಂಗ್ಲಿಷಿನಲ್ಲಿ ಹೆಪ್ಪಿಗೂ ಅದೇ ಪದ. ಅವನು ನನ್ನನ್ನೂ ಡಬ್ಬಿಯನ್ನೂ ನೋಡಿ, "ಓಕೆ, ಮ್ಯಾಮ್" ಎಂದು ಬಿಟ್ಟ. ಇಲ್ಲಿ ಯಾವ ಸಮಾರಂಭಕ್ಕೆ ಹೋದರೂ ನಮ್ಮ ಕಲ್ಚರ್ ಉಳಿಸಬೇಕೆಂದು ಭಾಷಣ ಮಾಡುತ್ತಾರೆ. ಹಾಗೆ ಹೇಳಿದವರಲ್ಲಿ ಎಷ್ಟು ಜನ ಅದನ್ನು ಎಕ್ಸ್‌ರೇ ಮೆಷೀನಿನಲ್ಲಿ ಹಾಯಿಸಿದ್ದಾರೋ ಕಾಣೆ.

ಕಮಲಕ್ಕನ ಪರಿಚಯವಾದದ್ದೂ ಹೆಪ್ಪಿನಿಂದಲೇ. ಕಾಂಡೋದಲ್ಲಿ ನನ್ನ ಎದುರು ಬಾಗಿಲು ಅವರದು. ಧಾರವಾಡದವರು, ಬೇಸಿಗೆಯಲ್ಲಿ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ ಮಗ ಸೊಸೆಯ ಜೊತೆ, ಚಳಿಗಾಲದಲ್ಲಿ ಫ್ಲೋರಿಡಾದಲ್ಲಿ. ನಮ್ಮಿಬ್ಬರಲ್ಲಿ ಯಾರು ಮೊದಲು ಬರುತ್ತೇವೋ ಅವರು ಮೊಸರು ಮಾಡಿಟ್ಟು ಇನ್ನೊಬ್ಬರಿಗೆ ಹೆಪ್ಪು ಕೊಡುವುದೆಂದು ರೂಢಿಯಾಗಿತ್ತು. ಅವರ ಇಂಗ್ಲಿಷನ್ನು ನಾನು ಆಗಾಗ ತಿದ್ದುತ್ತಿದ್ದೆ. ಯಾರೂ ಕೇಳಿರಲಿಲ್ಲ. ಅದಕ್ಕೆ ಅವರು ನನ್ನನ್ನು "ಅಕ್ಕೋರೇ" ಎನ್ನುತ್ತಿದ್ದರು. ಅವರ ಕಡೆ ಶಾಲೆಯ ಮೇಡಮ್ಮನ್ನು ಕರೆಯುವುದು ಹಾಗಂತೆ. ನಾನು ಬಹಳ ದಿನ ಅದನ್ನು ಗೌರವವೆಂದೇ ತಿಳಿದಿದ್ದೆ.

ಆ ಊರಿನಲ್ಲಿ ಸಂಜೆ ಎಲ್ಲರೂ ಮಡಚುವ ಕುರ್ಚಿ ಹಿಡಿದು ಬೀಚಿಗೆ ಹೋಗುತ್ತಾರೆ. ಸೂರ್ಯ ಮುಳುಗಿದ ಕೂಡಲೇ ಚಪ್ಪಾಳೆ ತಟ್ಟುತ್ತಾರೆ, ಸೂರ್ಯ ಈ ಸಲವಾದರೂ ಚೆನ್ನಾಗಿ ಮಾಡಿದನೆಂಬಂತೆ. ನಾನೂ ತಟ್ಟುತ್ತಿದ್ದೆ. ಕಮಲಕ್ಕ ಬರುತ್ತಿರಲಿಲ್ಲ. "ಅಂವಾ ಮುಳುಗೂ ಹೊತ್ತಿಗೆ ನಾ ದೀಪಾ ಹಚ್ಚಬೇಕ್ರೀ. ನಿಮ್ಮಂಗ ಚಪ್ಪಾಳಿ ಹೊಡಕೋತ ಕುಂತ್ರ ಹೆಂಗ?"

ಎರಡು ವರ್ಷದ ಹಿಂದೆ, ಯಜಮಾನರ ತಿಥಿಯ ಹಿಂದಿನ ದಿನ, ನನ್ನ ಮೊಸರು ಕೆಟ್ಟಿತ್ತು. ಮೊಸರನ್ನವಿಲ್ಲದೆ ಅವರು ಬದುಕಿದ್ದಾಗಲೂ ಊಟ ಮುಗಿಸಿದವರಲ್ಲ. ನಾನು ನೆಟ್ಟಗೆ ಎದುರು ಮನೆಗೆ ಹೋಗುವ ಬದಲು, ಮೊದಲು ಬೀಚಿಗೆ ಹೋಗಿ, ಸೂರ್ಯನಿಗೆ ಚಪ್ಪಾಳೆ ತಟ್ಟಿ, ಆಮೇಲೆ ಬಟ್ಟಲು ಹಿಡಿದು ಅವರ ಬಾಗಿಲು ಬಡಿದೆ.

"ದೀಪಾ ಹಚ್ಚೇನ್ರೀ. ಈಗ ಹೆಪ್ಪ ಕೊಡಂಗಿಲ್ಲ. ಮುಂಜಾನಿ ಬರ್ರಿ" ಎಂದರು.

ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು ಮನೆಯಿಂದ ಹೊರಗೆ ಕೊಡಬಾರದು ಎನ್ನುವುದು ನನಗೆ ತಿಳಿಯದ್ದೇನಲ್ಲ. ನನ್ನ ಅಜ್ಜಿಯೂ ಕೊಡುತ್ತಿರಲಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು ಇಂಗ್ಲಿಷ್. "ಡೋಂಟ್ ಬಿ ಪ್ರಿಮಿಟಿವ್, ಕಮಲಕ್ಕ. ಅಮೆರಿಕಾಕ್ಕೆ ಬಂದು ಇಷ್ಟು ವರ್ಷ ಆದರೂ ಇದೆಲ್ಲಾ ಏನು?"

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಆ ಪದಾ ನನಗ ಗೊತ್ತೈತ್ರೀ ಅಕ್ಕೋರೇ. ಅದನ್ನ ತಿದ್ದೂದು ಬ್ಯಾಡ" ಎಂದು ಬಾಗಿಲು ಹಾಕಿಕೊಂಡರು.

ಬೆಳಿಗ್ಗೆ ನನ್ನ ಡೋರ್‌ಮ್ಯಾಟಿನ ಮೇಲೆ ಈ ಡಬ್ಬಿ ಇತ್ತು, ತುಂಬ ಹೆಪ್ಪು. ಒಳಗೆ ತಂದೆ. ಬಾಗಿಲು ಬಡಿದು ಒಂದು ಮಾತು ಹೇಳಲಿಲ್ಲ. ಹಾಲಿಗೆ ಹೆಪ್ಪು ಹಾಕಿದೆ, ಹಾಲು ಹೆಪ್ಪುಗಟ್ಟಿತು. ನನ್ನ ಸಿಟ್ಟೂ ಹಾಗೆಯೇ, ಅಲುಗಿಸದೆ ಇಟ್ಟರೆ ಗಟ್ಟಿಯಾಗುವ ಜಾತಿಯದು. ವಾರದೊಳಗೆ ಕಮಲಕ್ಕ ಬಾತ್‌ರೂಮಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮಗ ಬಂದು ಕರೆದುಕೊಂಡು ಹೋದ. ನಾನು ಆ ಹೊತ್ತಿಗೆ ಬೀಚಿನಲ್ಲಿದ್ದೆ.

ಅಲ್ಲಿಂದ ಇವತ್ತಿನವರೆಗೆ ದಿನಾ ಅವರ ಹೆಪ್ಪಿನ ಮೊಸರನ್ನೇ ತಿನ್ನುತ್ತಿದ್ದೇನೆ. ಫೋನ್ ಮಾತ್ರ ಮಾಡಿರಲಿಲ್ಲ.

ಡಬ್ಬಿ ಕೈಗೆ ಸಿಕ್ಕ ದಿನ ಮಾಡಿದೆ. ಸೊಸೆ ಎತ್ತಿಕೊಂಡಳು. "ಆಂಟಿ! ಅತ್ತೆ ಮನೆಯೊಳಗೇ ಇರ್ತಾರೆ, ವಾಕರ್ ಹಿಡ್ಕೊಂಡು ಓಡಾಡ್ತಾರೆ. ಇನ್ನು ಫ್ಲೋರಿಡಾ ಇಲ್ಲ. ಊಟ ಕಮ್ಮಿ ಆಗಿದೆ. ಹಾಸ್ಪಿಟಲ್‌ನಲ್ಲಿದ್ದಾಗ ಇಲ್ಲಿ ಅವರ ಹೆಪ್ಪು ಹೋಗಿಬಿಡ್ತು, ಆಂಟಿ. ನನ್ನ ತಪ್ಪೇ. ಸ್ಟೋರ್ ಮೊಸರು ಕೊಟ್ರೆ, ಇದು ಯಾರ ಮನೀದು ಅಂತ ಕೇಳಿ ಪಕ್ಕಕ್ಕಿಡ್ತಾರೆ."

ಯಾರ ಮನೆಯದೆಂದು ನನಗೆ ಗೊತ್ತಿತ್ತು. ಅವರ ಮನೆಯದು ನನ್ನ ಫ್ರಿಜ್ಜಿನಲ್ಲಿ ಕೂತಿತ್ತು.

ಶನಿವಾರ ನನ್ನ ಫ್ಲೈಟ್. ಗುರುವಾರ ಮಗಳು ರಶ್ಮಿ ಡ್ರೈವ್ ಮಾಡಲು ಒಪ್ಪಿದಳು. ಹಿಲ್‌ಸೈಡ್ ಅವೆನ್ಯೂದಲ್ಲಿ ಹೂವು ತೆಗೆದುಕೊಳ್ಳುವಾಗಲೇ ಮೂರು ಗಂಟೆ. ಬ್ರಿಡ್ಜಿನ ಮೇಲೆ ಕಾರುಗಳು ಹೆಪ್ಪುಗಟ್ಟಿದ್ದವು. ನಾನು ಹೆಪ್ಪು ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸಾರಿ ಹೇಳುವುದನ್ನು ಪ್ರಾಕ್ಟೀಸ್ ಮಾಡುತ್ತಿದ್ದೆ. ಇಂಗ್ಲಿಷಿನಲ್ಲಿ ಹೇಳಿದರೆ ಕಾಲು ತುಳಿದವರಂತೆ ಕೇಳಿಸುತ್ತಿತ್ತು, ಕನ್ನಡದಲ್ಲಿ "ಕ್ಷಮಿಸಿ" ಎಂದರೆ ನಾಟಕದ ರಾಣಿಯಂತೆ. "ಮಾಮ್, ಆರ್ ಯು ಟಾಕಿಂಗ್ ಟು ದ ಯೋಗರ್ಟ್?" ಎಂದಳು ರಶ್ಮಿ.

ನಾವು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಸೊಸೆ ಬಾಗಿಲು ತೆರೆದಳು. ಹಜಾರದ ಕೊನೆಗೆ, ವಾಕರ್ ಹಿಡಿದು, ನನ್ನ ನೆನಪಿಗಿಂತ ಒಂದು ಗೇಣು ಗಿಡ್ಡವಾಗಿ, ಕಮಲಕ್ಕ ನಿಂತಿದ್ದರು.

"ಬರ್ರಿ ಅಕ್ಕೋರೇ. ಚಪ್ಪಾಳಿ ಹೊಡದು ಬಂದ್ರೇನು?"

ಪ್ರಾಕ್ಟೀಸ್ ಮಾಡಿದ್ದೆಲ್ಲ ಮರೆತುಹೋಯಿತು. ಬ್ಯಾಗಿಗೆ ಕೈ ಹಾಕಿ ಡಬ್ಬಿ ಹಿಡಿದೆ. ಆಗ ಅವರ ಹಿಂದೆ ದೇವರ ಗೂಡು ಕಾಣಿಸಿತು. ದೀಪ ಉರಿಯುತ್ತಿತ್ತು. ಕೈ ಹಾಗೆಯೇ ಹೊರಗೆ ತೆಗೆದೆ, ಬರಿಗೈ.

"ನಿಮ್ಮ ಹೆಪ್ಪು ತಂದಿದೀನಿ, ಕಮಲಕ್ಕ. ಆದ್ರೆ ದೀಪ ಹಚ್ಚಾಯ್ತಲ್ಲ, ಈಗ ಕೊಡೋ ಹಾಗಿಲ್ಲ. ಬೆಳಿಗ್ಗೆ ಕೊಡ್ತೀನಿ."

ಅವರು ಸೊಸೆಯ ಕಡೆ ತಿರುಗಿ, "ಅಕ್ಕೋರಿಗೆ ನನ್ನ ಖೋಲ್ಯಾಗ ಹಾಸಿಗಿ ಹಾಸವಾ. ಇವತ್ತ ಇಲ್ಲೇ ಇರತಾರ" ಎಂದರು.

"ಮಾಮ್, ಸೀರಿಯಸ್ಲಿ? ಇಟ್ಸ್ ಯೋಗರ್ಟ್" ಎಂದಳು ರಶ್ಮಿ. ಅವಳಿಗೆ ಒಂದು ಕಪ್ ಕಾಫಿ ಕೊಟ್ಟು ಕಳಿಸಿದೆವು.

ಬೆಳಿಗ್ಗೆ ಕಿಟಕಿಯಲ್ಲಿ ಬೆಳಕು ಬಿದ್ದ ಮೇಲೆ ಕೊಟ್ಟೆ. ಅವರು ಹೆಪ್ಪನ್ನು ತಮ್ಮ ಬಟ್ಟಲಿಗೆ ಸುರಿದು, ಡಬ್ಬಿ ತೊಳೆದು ಒರೆಸಿ, ಅದರ ತುಂಬ ಶೇಂಗಾ ಚಟ್ನಿಪುಡಿ ಒತ್ತಿ ನನ್ನ ಕೈಗಿಟ್ಟರು. "ಭಾಂಡೆ ಖಾಲಿ ಕೊಡಬಾರದ್ರಿ" ಎಂದರು. ಡಬ್ಬಿ ಅವರದೇ ಎಂದು ನೆನಪಿಸಲು ಬಾಯಿ ತೆರೆದವಳು, ಜೀವಮಾನದಲ್ಲಿ ಮೊದಲ ಸಲ, ತಿದ್ದದೆ ಬಾಯಿ ಮುಚ್ಚಿದೆ.

ಈಗ ಸೂಟ್‌ಕೇಸ್ ಮುಚ್ಚಿದ್ದಾಗಿದೆ. ಪಕ್ಕದ ಜೇಬಿನಲ್ಲಿ ಮತ್ತೆ ಅದೇ ಡಬ್ಬಿ. ಏಪ್ರಿಲ್‌ನಲ್ಲಿ ಹಿಂತಿರುಗಿದ ಮೇಲೆ ಅದನ್ನು ಕೊಡಲು ಬಾಸ್ಕಿಂಗ್ ರಿಡ್ಜ್‌ಗೆ ಹೋಗಬೇಕು, ಖಾಲಿಯಲ್ಲ, ಹೊಸ ಹೆಪ್ಪು ತುಂಬಿ. ಆ ಹೊತ್ತಿಗೆ ಹಗಲು ಉದ್ದವಾಗಿರುತ್ತದೆ, ಊಟ ಮುಗಿಸಿ ಹೊರಟರೂ ದೀಪ ಹಚ್ಚುವ ಮೊದಲೇ ತಲುಪಬಹುದು ಎಂದು ರಶ್ಮಿ ಹೇಳುತ್ತಾಳೆ.

ನಾನು ಸ್ವಲ್ಪ ತಡಮಾಡಿಯೇ ಹೊರಡುವವಳಿದ್ದೇನೆ.