ಗೆರೆ ಅಲ್ಲೇ ಐತೆ

ಓನರಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳು ಬಿಟ್ಟಿತ್ತು. ಅವರೆಕಾಯಿ ಕಾಲದಲ್ಲಿ ಆ ಸೀಳಿನೊಳಗೆ ಸೇರಿಕೊಂಡ ಹಸಿರು ಕರೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿದುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಇಡಿಯಾಗಿ ಬಟ್ಟಲಿಗೆ ಚಿಮ್ಮುತ್ತಿತ್ತು. ಜೋರಾಗಿ ಒತ್ತಿದರೆ ಬೇಳೆ ಮುರಿಯುತ್ತದೆ, ಮೆತ್ತಗೆ ಒತ್ತಿದರೆ ಸಿಪ್ಪೆ ಬಿಡುವುದಿಲ್ಲ. ಅವರು ಬೇಳೆ ಮುರಿದದ್ದನ್ನು ನಾನು ನೋಡಿಲ್ಲ. ಆ ಹೆಬ್ಬೆರಳಿಗೆ ನಾನು ಮಾಡಿದ ಮೋಸವನ್ನು ಬರೆಯಲು ಕೂತಿದ್ದೇನೆ. ಬರೆಯುವ ಕೈಯ ಮೇಲೆಯೇ ನನಗೆ ಹೇಸಿಗೆಯಿದೆ.

ಎಲೆಕ್ಟ್ರಾನಿಕ್ ಸಿಟಿಯ ಕಾಂಪೌಂಡುಗಳ ಹಿಂದೆ, ಇನ್ನೂ ಹಳ್ಳಿ ಎಂದೇ ಕರೆಸಿಕೊಳ್ಳುವ ಜಾಗದಲ್ಲಿ ಅವರ ಕಟ್ಟಡ. ಕೆಳಗೆ ಅವರ ಮನೆ, ಮೊದಲ ಮಹಡಿಯಲ್ಲಿ ಪೀಜಿ ಹುಡುಗಿಯರು, ಎರಡನೇ ಮಹಡಿಯಲ್ಲಿ ನಮ್ಮ ಪುಟ್ಟ ಗೇಮ್ ಕಂಪನಿ. ಲಗ್ಗೆರೆಯಿಂದ ಎರಡು ಬಸ್ಸು ಬದಲಿಸಿ ಅಲ್ಲಿಗೆ ಬರುತ್ತಿದ್ದ ನನ್ನ ಕೆಲಸ ಆಟದ ಹಂತಗಳನ್ನು ಕಟ್ಟುವುದು. ನಮ್ಮದು ಪ್ಲಾಟ್‌ಫಾರ್ಮ್ ಗೇಮ್, ಅಂದರೆ ಎಗರುವ ಆಟ. ಒಬ್ಬಳು ಹುಡುಗಿ ತಾರಸಿಯಿಂದ ತಾರಸಿಗೆ, ನೀರಿನ ಟ್ಯಾಂಕಿನಿಂದ ಕಿಟಕಿಯ ಸಜ್ಜಾಕ್ಕೆ ಎಗರುತ್ತ ಊರು ದಾಟಬೇಕು. ತಪ್ಪಿದರೆ ಬೀಳುತ್ತಾಳೆ, ಅಷ್ಟೇ.

ಒಂದು ದಿನ ಬೆಳಗ್ಗೆ ಓನರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಬಂದರು. "ಸಿಂಕಿಗೆ ಟೀ ಪುಡಿ ಸುರಿಯೋರು ಯಾರ್ರೀ? ಕೆಳಗೆ ನಮ್ ಬಚ್ಚಲು ಕಟ್ಕೊಂಡೈತೆ! ಓದೋರಂತೆ, ಬರೆಯೋರಂತೆ!" ಎಂದು ಎಲ್ಲರನ್ನೂ ಸಾಲಾಗಿ ಬೈದರು. ಬೈಯುತ್ತ ಬೈಯುತ್ತ ನನ್ನ ಕುರ್ಚಿಯ ಹಿಂದೆ ನಿಂತವರು ಸುಮ್ಮನಾದರು. ನನ್ನ ಪರದೆಯಲ್ಲಿ ಹುಡುಗಿ ಎಗರುತ್ತಿದ್ದಳು.

"ಇದು ಕುಂಟೆಬಿಲ್ಲೆ ಅಲ್ವೇನೆ?" ಎಂದರು.

ನಾನು ನಕ್ಕು ಫೋನಿಗೆ ಆಟ ಹಾಕಿಕೊಟ್ಟೆ. ಅವತ್ತಿನಿಂದ ದಿನಾ ಹನ್ನೊಂದು ಗಂಟೆಗೆ ಒಲೆ ಆರಿಸಿ, ಕನ್ನಡಕ ಏರಿಸಿ, ಮೆಟ್ಟಿಲ ಮೇಲೆ ಕೂತು ಆಡತೊಡಗಿದರು. ನಮ್ಮ ಕಂಪನಿಯ ಪರೀಕ್ಷಕರು ಕೈಚೆಲ್ಲಿದ ಹಂತಗಳನ್ನು ಆ ಸೀಳು ಉಗುರಿನ ಹೆಬ್ಬೆರಳು ದಾಟಿತು.

ನಾವು ಯಾರಿಗೂ ಹೇಳದ ಒಂದು ಗುಟ್ಟು ಆ ಆಟದಲ್ಲಿತ್ತು. ಹುಡುಗಿಯ ಕಾಲು ಅಂಚು ಬಿಟ್ಟ ಮೇಲೂ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಅವಳಿನ್ನೂ ಅಂಚಿನ ಮೇಲೇ ಇದ್ದಾಳೆ ಎಂದು ಆಟ ಲೆಕ್ಕ ಹಿಡಿಯುತ್ತಿತ್ತು. ಅಷ್ಟರಲ್ಲಿ ಗುಂಡಿ ಒತ್ತಿದರೆ ಎಗರುತ್ತಾಳೆ. ಆಡುವವರಿಗೆ ಇದು ಗೊತ್ತಾಗುವುದಿಲ್ಲ, ನನ್ನ ಕೈ ಚುರುಕು ಎಂದುಕೊಳ್ಳುತ್ತಾರೆ. ಓನರಮ್ಮ ಹತ್ತೇ ದಿನಕ್ಕೆ ಹಿಡಿದರು.

"ಗೆರೆ ತುಳಿದ್ರೂ ಒಂದ್ ಕೂದಲೆಳೆ ಬಿಟ್ಕೊಡ್ತದೆ ಕಣೇ ನಿನ್ ಆಟ. ನಾವೂ ಚಿಕ್ಕೋರಿಗೆ ಅಂಗೇ ಬಿಡ್ತಿದ್ವಿ. ಮರ್ಯಾದೆ ಇರೋ ಆಟ."

ನನ್ನ ಕೆಲಸದ ಬಗ್ಗೆ ಇಷ್ಟು ಸರಿಯಾದ ಮಾತನ್ನು ಅದಕ್ಕೆ ಮುಂಚೆ ಯಾರೂ ಆಡಿರಲಿಲ್ಲ. ಸಂತೋಷಕ್ಕೆ ಆ ದಿನ ನಾನೇ ಸಿಂಕು ತೊಳೆದೆ.

ಆಟ ಜನಕ್ಕೆ ಹಿಡಿಸಿತು. ಎರಡನೇ ಭಾಗ ಮಾಡಬೇಕು ಎಂದರು. ಎರಡನೇ ಭಾಗ ಎನ್ನುವುದು ನಮ್ಮ ಕಸುಬಿನಲ್ಲಿ ಎಷ್ಟು ಗಲೀಜು ಮಾತು ಎಂದು ಹೊರಗಿನವರಿಗೆ ತಿಳಿಯದು. ಮೀಟಿಂಗಿನಲ್ಲಿ ಎಲ್ಲರ ಬಾಯಲ್ಲೂ ನೀರು. ಒಬ್ಬ ಡ್ರ್ಯಾಗನ್ ಬೇಕೆಂದ, ಇನ್ನೊಬ್ಬ ಹುಡುಗಿಗೆ ರೆಕ್ಕೆ ಬರಲಿ ಎಂದ, ಮತ್ತೊಬ್ಬ ನಲವತ್ತು ಬಗೆಯ ಬಟ್ಟೆ ಎಂದ. ಬೇರೆಯವರ ಎರಡನೇ ಭಾಗಗಳು ಹೇಗಿವೆ ನೋಡೋಣವೆಂದು ನಾನು ಓನರಮ್ಮನ ಫೋನಿಗೆ ನಾಲ್ಕೈದು ಆಟ ಹಾಕಿಕೊಟ್ಟೆ. ಒಂದು ವಾರ ಆಡಿ ಫೋನನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಮೊದಲ್ನೇದ್ರಾಗೆ ಎಗರೋಳಿಗೆ ಎರಡ್ನೇದ್ರಾಗೆ ರೆಕ್ಕೆ ಕೊಟ್ಟವ್ರೆ. ರೆಕ್ಕೆ ಇದ್ಮೇಲೆ ಎಗರೋದ್ಯಾಕೆ? ಥೂ! ನಾನು ಕಷ್ಟಪಟ್ಟು ಕಲ್ತಿದ್ದು ಏನಾಯ್ತು? ಬಾ ಇಲ್ಲಿ."

ತಾರಸಿಗೆ ಕರೆದೊಯ್ದರು. ಇಟ್ಟಿಗೆ ಚೂರಿನಿಂದ ಕುಂಟೆಬಿಲ್ಲೆಯ ಮನೆಗಳನ್ನು ಎಳೆದರು. ಐವತ್ತೆಂಟು ವರ್ಷದ ಹೆಂಗಸು ಸೀರೆ ಎತ್ತಿ ಕಟ್ಟಿ ಒಂಟಿಕಾಲಲ್ಲಿ ಎಲ್ಲ ಮನೆ ದಾಟಿ, ಬೆನ್ನು ತಿರುಗಿಸಿ ನಿಂತು, ಬಿಲ್ಲೆಯನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆದರು. ಅದು ನಾಲ್ಕನೇ ಮನೆಯಲ್ಲಿ ಬಿತ್ತು.

"ಈಗ ಆ ಮನೆ ನಂದು. ಅಲ್ಲಿ ನಾನು ಎರಡೂ ಕಾಲು ಊರಬೋದು. ನೀನು ತುಳಿಯಂಗಿಲ್ಲ, ಎಗರ್ಕೊಂಡೇ ಓಗ್ಬೇಕು. ನೋಡು, ಎರಡ್ನೇ ಆಟಕ್ಕೆ ಒಸಾ ಗೆರೆ ಎಳೆದ್ನಾ? ಅದೇ ಗೆರೆ, ಅದೇ ಕಾಲು. ಒಂದೇ ಒಂದು ಮನೆ ಬದಲಾತು, ಆಟವೆಲ್ಲಾ ಬದಲಾತು."

ಲಗ್ಗೆರೆಯ ಗಲ್ಲಿಯಲ್ಲಿ, ಲೇತ್ ಮಶೀನುಗಳ ಸದ್ದಿನ ಪಕ್ಕ, ನಾನೂ ಕುಂಟೆಬಿಲ್ಲೆ ಆಡಿ ಬೆಳೆದವಳು. ಆದರೂ ಇದು ನನಗೆ ಹೊಳೆದಿರಲಿಲ್ಲ. ಒಳ್ಳೆಯ ಎರಡನೇ ಭಾಗ ಎಂದರೆ ಇಷ್ಟೇ. ಆಡುವವರ ಕಾಲು ಈಗಾಗಲೇ ಕಲಿತದ್ದಕ್ಕೆ ಬೆಲೆ ಕೊಡಬೇಕು, ಅವರು ಗೆದ್ದದ್ದು ಮುಂದಿನ ಆಟದ ಆಕಾರವನ್ನೇ ಬದಲಿಸಬೇಕು. ಮೊದಲ ಭಾಗದ ಅದೇ ತಾರಸಿಗಳನ್ನು ಇಟ್ಟುಕೊಂಡು, ಗೆದ್ದ ಟ್ಯಾಂಕು ಆಡುವವರ ಸ್ವಂತ ಮನೆಯಾಗುವ ಹಾಗೆ ಮೂರು ತಿಂಗಳು ಕೂತು ಕಟ್ಟಿದೆ. ಮಾಡಿದ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ.

ಆಗ ಬಂದ ನಮ್ಮ ಹೊಸ ಹೆಡ್ಡು. ಬಿಳಿ ಶೂ, ಬಿಳಿ ಹಲ್ಲು. ಜೀವಮಾನದಲ್ಲಿ ಒಂದು ಆಟವನ್ನೂ ಕೊನೆತನಕ ಆಡಿದವನಲ್ಲ. ಆಟದಲ್ಲಿ ಜನ ಬೀಳುವುದು ಕಡಿಮೆಯಾಯಿತು ಎನ್ನುವುದೇ ಅವನ ಗೋಳು. ಬಿದ್ದರೆ ತಾನೆ ಜಾಹೀರಾತು ನೋಡುತ್ತಾರೆ, ನೋಡಿದರೆ ತಾನೆ ಮತ್ತೆ ಏಳುತ್ತಾರೆ? ಅಂಚಿನ ಆ ರಿಯಾಯಿತಿಯನ್ನು ಎಲ್ಲಿಂದಲೋ ಪತ್ತೆ ಹಚ್ಚಿದ.

"ಅದನ್ನ ಜೀರೋ ಮಾಡ್ಬಿಡಿ. ಯಾರ್ಗೂ ಗೊತ್ತಾಗಲ್ಲ. ನೀವು ಇನ್ಮೇಲೆ ಲೀಡ್ ಅಲ್ವಾ, ಸ್ವಲ್ಪ ದೊಡ್ಡದಾಗಿ ಯೋಚ್ನೆ ಮಾಡಿ," ಎಂದ.

ಲೀಡ್ ಎಂಬ ಆ ಎರಡಕ್ಷರಕ್ಕೆ, ತಂಡದ ಮುಖ್ಯಸ್ಥೆ ಎಂಬ ಪಟ್ಟಕ್ಕೆ, ನಾನು ಬಾಯಿ ಬಿಟ್ಟೆ. ಅವನು ನನ್ನ ಕತ್ತು ಹಿಡಿದಿರಲಿಲ್ಲ. ನನ್ನ ಕುರ್ಚಿ, ನನ್ನ ಕೀಬೋರ್ಡು, ನನ್ನ ಬೆರಳು. ಆ ರಿಯಾಯಿತಿಯ ಅಂಕಿ ಆರು ಇದ್ದ ಕಡೆ ಸೊನ್ನೆ ಒತ್ತಿದೆ. ಆಮೇಲೆ ಕೆಳಗಿಳಿದು ಎಲ್ಲರ ಜೊತೆ ಬಿರಿಯಾನಿ ತಿಂದೆ.

ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು. ಓನರಮ್ಮನ ಮೈದುನ ಪಕ್ಕದ ಬೀದಿಯಲ್ಲೇ ಇದ್ದ. ಎಷ್ಟೋ ವರ್ಷದ ಹಿಂದೆ ಅವನು ಇಬ್ಬರ ಜಮೀನಿನ ನಡುವೆ ಗಡಿಗೆ ನೆಟ್ಟಿದ್ದ ಬಾಂದು ಕಲ್ಲನ್ನು ಒಂದಡಿ ಈಚೆ ಸರಿಸಿದ್ದ. ಆಮೇಲೆ ಆ ಜಮೀನೂ ಇಲ್ಲವಾಯಿತು, ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಓನರಮ್ಮ ಮಾತ್ರ ಅವನ ಮನೆಯಲ್ಲಿ ಮತ್ತೆ ನೀರು ಮುಟ್ಟಲಿಲ್ಲ, ಅವನ ಮಗಳ ಮದುವೆಯಲ್ಲೂ. "ಕೇಳಿದ್ರೆ ಎರಡಡಿ ಕೊಡ್ತಿದ್ದೆ. ಕಲ್ಲು ಜರುಗ್ಸಿ, ಅಲ್ಲೇ ಇತ್ತು ಅಂದ ನೋಡು, ಅದು ನಂಗಾಗಲ್ಲ," ಎನ್ನುತ್ತಿದ್ದರು.

ಎರಡನೇ ಭಾಗ ಬಿಡುಗಡೆಯಾದ ದಿನ ಅವರ ಫೋನಿಗೆ ನಾನೇ ಹಾಕಿಕೊಟ್ಟೆ. ಅವರು ಖುಷಿಯಿಂದ ಮೆಟ್ಟಿಲ ಮೇಲೆ ಕೂತರು. ತಾರಸಿ ನೋಡಿ "ನಮ್ದೇ ತಾರಸಿ" ಎಂದರು. ಮೊದಲ ಅಂತರದಲ್ಲಿ ಹುಡುಗಿ ಬಿದ್ದಳು. ಇನ್ನೊಮ್ಮೆ ಬಿದ್ದಳು. ನಡುವೆ ಯಾವುದೋ ಸೋಪಿನ ಜಾಹೀರಾತು ಕುಣಿಯಿತು. ಮೂರನೇ ಸಲ ಬಿದ್ದಾಗ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಗೆರೆ ಜರುಗ್ಸಿದ್ದೀರೇನೆ?"

ಅವರ ಬಾಯಲ್ಲಿ ಆ ಪ್ರಶ್ನೆಯ ತೂಕ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲಮ್ಮ, ಗೆರೆ ಅಲ್ಲೇ ಇದೆ," ಎಂದೆ.

ಅವರು ಅನುಮಾನ ಪಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಪಡಲಿಲ್ಲ. ತಮ್ಮ ಹೆಬ್ಬೆರಳನ್ನು ಮುಖದ ಹತ್ತಿರ ತಂದು ತಿರುಗಿಸಿ ನೋಡಿಕೊಂಡರು. "ಅಂಗಾರೆ ನನ್ ಕೈಯೇ ಓಯ್ತು ಕಣವ್ವ," ಎಂದು ಎದ್ದು ಕೆಳಗೆ ಹೋದರು.

ಆಮೇಲೆ ಹನ್ನೊಂದು ಗಂಟೆಗೆ ಮೆಟ್ಟಿಲು ಖಾಲಿ ಇರತೊಡಗಿತು. ಎದುರು ಸಿಕ್ಕಾಗ ನಕ್ಕು ಮಾತಾಡಿಸುತ್ತಿದ್ದರು, ಆದರೆ ಬಲಗೈ ಸೆರಗಿನೊಳಗೆ ಇರುತ್ತಿತ್ತು. ಅವರೆಕಾಯಿ ಕಾಲ ಬಂತು. ಅಂಗಡಿಯಿಂದ ಹಿದುಕಿದ ಬೇಳೆಯ ಪ್ಯಾಕೆಟ್ಟು ಹಿಡಿದು ಗೇಟು ತೆಗೆಯುತ್ತಿದ್ದವರನ್ನು ಕಂಡು, "ಏನಮ್ಮ, ನೀವೂ ಪ್ಯಾಕೆಟ್ಟಾ?" ಎಂದೆ. ಅಷ್ಟು ನಾಚಿಕೆಗೆಟ್ಟ ನಾಲಿಗೆ ನನ್ನದು. "ಮುರೀತದೆ ಅಂತ ಭಯ ಕಣವ್ವ," ಎಂದರು. ಆಗಲಾದರೂ ಹೇಳಬಹುದಿತ್ತು. ಮೀಟಿಂಗ್ ಇತ್ತು, ಮೇಲೆ ಹತ್ತಿದೆ.

ಸಂಕ್ರಾಂತಿ ಕಳೆದ ವಾರ ಬೆಳಗ್ಗೆ ನೀರಿನ ಮೋಟರು ಹಾಕಲು ಹೋದವರು ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಆಫೀಸಿನವರೆಲ್ಲ ಕೆಳಗಿಳಿದೆವು. ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಎಲೆಯಲ್ಲಿ ಎಡೆ ಇಟ್ಟಿದ್ದರು. ವಡೆ, ಪಾಯಸ, ಹಿದುಕಿದ ಬೇಳೆ ಸಾರು. ಎಲೆಯ ಪಕ್ಕ ಅವರ ಫೋನು. ಹೆಡ್ಡು ಕೈಮುಗಿಯುವಾಗ ಫೋನು ನೋಡಿ "ಸೋ ಸ್ವೀಟ್" ಎಂದ. ನನಗೆ ಹೇಸಿಗೆಯಾಯಿತು, ಅವನೊಬ್ಬನನ್ನು ನೋಡಿ ಮಾತ್ರವಲ್ಲ.

ಅವರ ಯಜಮಾನರು ನನ್ನನ್ನು ಗುರುತಿಸಿ ಪಕ್ಕಕ್ಕೆ ಕರೆದರು. "ನಿನ್ ಗ್ಯಾನ ಭಾಳಾ ಮಾಡೋಳು ಕಣವ್ವ. ಕೈ ಸ್ವಾಧೀನ ತಪ್ತಾ ಐತೆ ಅಂತ ಆಸ್ಪತ್ರೆಗೆ ಕರ್ಕೊಂಡೋಗಿದ್ದೆ. ಡಾಕ್ಟ್ರು ನರ ಗಿರ ಎಲ್ಲಾ ನೋಡಿ, ಕೈಗೇನೂ ಆಗಿಲ್ಲ, ಗಟ್ಟಿಯಾಗೈತೆ ಅಂದ್ರು. ಇವಳು ಒಪ್ಪಲಿಲ್ಲ. ಡಾಕ್ಟ್ರಿಗೇನು ಗೊತ್ತು, ಆ ಮಗಾನೇ ಗೆರೆ ಅಲ್ಲೇ ಐತೆ ಅಂದವಳೆ, ಅವಳು ಸುಳ್ಳು ಏಳಾಕಿಲ್ಲ ಅಂದ್ಲು."

"ನಾನೇ ಜರುಗ್ಸಿದ್ದೆ ಯಜಮಾನ್ರೇ. ಗೆರೆ. ನಾನೇ ಸುಳ್ಳು ಹೇಳಿದ್ದು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಯಾವ ಗೆರೆ, ಎಲ್ಲಿಯ ಗೆರೆ ಎಂದು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಭುಜ ತಟ್ಟಿ, "ಆಗ್ಲಿ ಬುಡವ್ವ, ಅಳಬ್ಯಾಡ. ಮೊದ್ಲು ಊಟ ಮಾಡು," ಎಂದು ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿದರು.

ಎಲೆಗೆ ಸಾರು ಬಿತ್ತು. ಬೇಳೆಗಳೆಲ್ಲ ಮುರಿದಿದ್ದವು. ಕಲ್ಲು ಜರುಗಿಸಿ ಅಲ್ಲೇ ಇತ್ತು ಎಂದವನ ಮನೆಯಲ್ಲಿ ಓನರಮ್ಮ ಸಾಯುವ ತನಕ ಒಂದು ಲೋಟ ನೀರು ಕುಡಿಯಲಿಲ್ಲ. ನಾನು ಅವರ ಮನೆಯಲ್ಲಿ ಕೂತು, ಎರಡನೇ ಸಲ ಬಡಿಸಲು ಬಂದಾಗಲೂ ಬೇಡ ಎನ್ನದೆ, ಹೊಟ್ಟೆ ತುಂಬ ಉಂಡು ಎದ್ದೆ.