ಗೋದಿಕಾಳಿನಷ್ಟು ಸುಣ್ಣ

ಮೂರು ವರ್ಷದ ಹಿಂದಿನ ಒಂದು ಬುಧವಾರ. ಅಥಣಿ ತಾಲೂಕಿನ ದ್ರಾಕ್ಷಿ ತೋಟದ ಮನೆಗೆ ನಾನು ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅತ್ತೆಯವರ ಆರೈಕೆ ಪೂರ್ತಿ ನನ್ನ ಪಾಲಿಗೆ ಬಂದು ಹದಿನಾಲ್ಕು ತಿಂಗಳು. ಸಂಬಳವಿಲ್ಲದಿದ್ದರೂ ಅದನ್ನು ನಾನು ನೌಕರಿಯ ಹಾಗೆಯೇ ಮಾಡುತ್ತಿದ್ದೆ. ಅಂದೂ ಐದೂವರೆಗೆ ಎದ್ದು ಎಮ್ಮೆ ಹಾಲು ಕಾಯಿಸಿ ಅವರಿಗೆ ದೊಡ್ಡ ಲೋಟದ ತುಂಬ ಕೊಟ್ಟೆ. ಜೊತೆಗೊಂದು ಕ್ಯಾಲ್ಸಿಯಂ ಗುಳಿಗೆ. ಮೊಸರಿನ ಬಟ್ಟಲಿಗೆ, ಎಲೆಗೆ ಹಚ್ಚುವ ಸುಣ್ಣ ಗೋದಿಕಾಳಿನಷ್ಟು ಕಲಸಿಟ್ಟೆ. ಎಲುಬು ನೋವಿಗೆ ನಮ್ಮ ಕಡೆ ಮನೆಮನೆಯಲ್ಲೂ ಮಾಡುವ ಮದ್ದು. ನೋಟ್‌ಬುಕ್ಕಿನಲ್ಲಿ ಮೂರಕ್ಕೂ ಟಿಕ್ ಹಾಕಿದೆ. ಮಾಡಿದ್ದನ್ನು ಆಗಿಂದಾಗಲೇ ಬರೆದಿಡಬೇಕು ಎಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಆಮೇಲೆ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದೆ.

“ಚಿಲಕ ಹಾಕಬ್ಯಾಡ ಬೇ ಯವ್ವಾ,” ಎಂದರು ಒಳಗಿನಿಂದ. “ಬಾಯಿ ಒಣಗತೈತಿ.”

ಕಿಟಕಿಯೊಳಗಿಂದ ಇನ್ನೊಂದು ತಂಬಿಗೆ ನೀರು ಕೊಟ್ಟೆ. ಅದು ಆ ಬೆಳಗಿನ ನಾಲ್ಕನೆಯದು.

ಎರಡು ತಿಂಗಳ ಹಿಂದೆ ಅವರು ಸಂಜೆ ಯಾರಿಗೂ ಹೇಳದೆ ಹೋಗಿ ಕೃಷಿ ಹೊಂಡದ ಏರಿಯ ಮೇಲೆ ಕೂತಿದ್ದರು. ಯಾಕೆ ಬಂದಿರಿ ಅಂದರೆ ಗೊತ್ತಿಲ್ಲ ಅಂದರು. ಮೊಮ್ಮಕ್ಕಳ ಹೆಸರೂ ಆಗಲೇ ತಪ್ಪತೊಡಗಿತ್ತು. ಅವತ್ತಿನಿಂದ ಚಿಲಕ. ಅವರು ಒಳಗೆ ಕೂತರೆ ನಾನು ಹೊರಗೆ, ಚಿಲಕದ ಸಪ್ಪಳ ಕೇಳಿಸುವಷ್ಟು ದೂರದಲ್ಲಿ. ತವರಿಗೆ ಹೋಗಿ ವರ್ಷವಾಗಿತ್ತು. ರಾಯಬಾಗದ ನಾದಿನಿ ಮತ್ತು ನಮ್ಮ ಮನೆಯವರು ಕೂಡಿ, ಬರುವ ಸೋಮವಾರ ಅವರನ್ನು ದೂರದ ಮಾನಸಿಕ ಆಸ್ಪತ್ರೆಗೆ ಸೇರಿಸುವುದೆಂದು ಗೊತ್ತು ಮಾಡಿದ್ದರು. ಸುಳ್ಳು ಯಾಕೆ ಹೇಳಲಿ, ಸೋಮವಾರ ಬೇಗ ಬರಲಿ ಎಂದು ನಾನೂ ಒಳಗೊಳಗೆ ಕಾಯುತ್ತಿದ್ದೆ.

ಸೇರಿಸುವ ಮೊದಲು ರಕ್ತ ಪರೀಕ್ಷೆ ಬೇಕಿತ್ತು. ಅತ್ತೆಯವರಿಗೆ ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲಾಗಿದ್ದು ಅಥಣಿಯ ನಮ್ಮ ಡಾಕ್ಟರಿಗೆ ನೆನಪಿತ್ತು. ಕ್ಯಾಲ್ಸಿಯಂ ಕೂಡ ನೋಡಲು ಬರೆದರು. ಹತ್ತೂವರೆ ದಾಟಬಾರದ್ದು ಹದಿಮೂರರ ಮೇಲಿತ್ತು. ಗುಳಿಗೆ, ಸುಣ್ಣ ಕೊಡುವುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇನ್ನೊಂದು ಹಾರ್ಮೋನ್ ಪರೀಕ್ಷೆ ಮಾಡಿಸಿ, ಚಿಕ್ಕೋಡಿಗೆ ವಾರಕ್ಕೊಮ್ಮೆ ಬರುವ ಹಾರ್ಮೋನ್ ತಜ್ಞೆಯ ಹತ್ತಿರ ಕಳಿಸಿದರು. ಬುಧವಾರ ಹೋದದ್ದು ಅಲ್ಲಿಗೆ.

ಆ ತಜ್ಞೆ, ಡಾಕ್ಟರ್ ಬಾಯಿಯವರು, ಚಿಕ್ಕ ವಯಸ್ಸಿನವರು. ಏನಾಗ್ತೈತಿ ಅಂತ ಅತ್ತೆಯವರನ್ನು ಕೇಳಿದರೆ ಮೊದಲು ನಮ್ಮ ಮನೆಯವರು ಉತ್ತರ ಕೊಟ್ಟರು, ಆಮೇಲೆ ನಾನು. ಅವರು ಕೈ ಎತ್ತಿ ನಮ್ಮಿಬ್ಬರನ್ನೂ ಸುಮ್ಮನಾಗಿಸಿದರು. ಅತ್ತೆಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು.

“ನನ್ನ ಮೈಯಾಗ ನನ್ನ ಯಾರೋ ಕೂಡಿ ಹಾಕ್ಯಾರ ಅನಸ್ತೈತ್ರಿ.”

ಹದಿನಾಲ್ಕು ತಿಂಗಳಲ್ಲಿ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಊಟಕ್ಕೆ, ಔಷಧಕ್ಕೆ ಏನೇನು ಕೊಡುತ್ತೀರಿ ಎಂದು ಡಾಕ್ಟರ್ ನನ್ನನ್ನು ಕೇಳಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ನೋಟ್‌ಬುಕ್ ಮುಂದಿಟ್ಟೆ. ನಾಲ್ಕೈದು ಹಾಳೆ ತಿರುವಿ ಪೆನ್ನು ಕೆಳಗಿಟ್ಟರು.

“ಒಂದ ದಿನಾನೂ ತಪ್ಪಿಸಿಲ್ಲಲ್ರಿ ಅಕ್ಕಾರ.”

ಹೊಗಳಿದರು ಅಂದುಕೊಂಡೆ. ಆಮೇಲೆ ಬಿಡಿಸಿ ಹೇಳಿದರು. ಕುತ್ತಿಗೆಯಲ್ಲಿ, ಥೈರಾಯ್ಡಿನ ಹಿಂದೆ, ತೊಗರಿಬೇಳೆಯಷ್ಟು ಸಣ್ಣ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಅವು ಪಿಟಿಎಚ್ ಎಂಬ ಹಾರ್ಮೋನ್ ಬಿಟ್ಟು ಎಲುಬಿನಿಂದ ಎಳೆದು ತರುತ್ತವೆ, ಸಾಕಾದರೆ ಸುಮ್ಮನಾಗುತ್ತವೆ. ಅತ್ತೆಯವರ ಒಂದು ಗ್ರಂಥಿಗೆ ಸುಮ್ಮನಾಗುವುದು ಮರೆತುಹೋಗಿತ್ತು. ಎಲುಬು ಟೊಳ್ಳಾಗುತ್ತಿತ್ತು, ರಕ್ತದಲ್ಲಿ ಕ್ಯಾಲ್ಸಿಯಂ ತುಂಬುತ್ತಿತ್ತು. ಕಲ್ಲು, ದಾಹ, ಮಲಬದ್ಧತೆ, ತಲೆಯ ಗೊಂದಲ, ಎಲ್ಲಕ್ಕೂ ಅದೇ ಮೂಲ.

“ತುಂಬಿದ್ದರ ಮ್ಯಾಲೆ ನೀವು ಮತ್ತ ಸುರುವಾಕತ್ತೀರಿ. ಗುಳಿಗಿ, ಸುಣ್ಣ ಎರಡೂ ಇವತ್ತಿಂದ ಬಂದ್.”

ಸೋಮವಾರದ ಮಾತನ್ನು ನಮ್ಮ ಮನೆಯವರು ತೊದಲುತ್ತ ತೆಗೆದರು. ಹುಚ್ಚಲ್ಲ ಇದು, ಈಗಲೇ ಇಲ್ಲೇ ಅಡ್ಮಿಟ್ ಮಾಡಿ ಎಂದರು ಡಾಕ್ಟರ್. ಸಲೈನ್ ಹಚ್ಚಿದರು.

ಹನ್ನೆರಡು ದಿನಕ್ಕೆ ಆಪರೇಶನ್ ಆಯಿತು. ತೆಗೆದ ಗ್ರಂಥಿ ಹುಣಸೆಬೀಜಕ್ಕಿಂತ ದೊಡ್ಡದಿತ್ತು. ಲ್ಯಾಬಿನಲ್ಲಿ ಅದಕ್ಕೆ ಬಣ್ಣ ಹಾಕಿ ನೋಡಿದಾಗ ಜೀವಕೋಶಗಳಲ್ಲಿ ಅದೇ ಹಾರ್ಮೋನ್ ಕಂಡಿತಂತೆ. ಕ್ಯಾನ್ಸರ್ ಅಲ್ಲ, ಅಡಿನೋಮಾ ಎಂಬ ಸಾದಾ ಗಡ್ಡೆ. ತಿಂಗಳೊಳಗೆ ಅತ್ತೆಯವರು ಮೊಮ್ಮಕ್ಕಳ ಹೆಸರು ತಪ್ಪದೆ ಕರೆಯತೊಡಗಿದರು. ಹಸಿದ ಎಲುಬಿಗೆ ಬೇಕೆಂದು ಕೆಲವು ವಾರ ಮತ್ತೆ ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟಾಗ, ಸರಿಯೇ ಎಂದು ಎರಡು ಸಲ ಕೇಳಿಕೊಂಡೇ ಕೊಟ್ಟೆ. ಹಳೆಯ ನೋಟ್‌ಬುಕ್ ತೆರೆದು ನೋಡಿದೆ: ನಾನು ಕೊಟ್ಟದ್ದಕ್ಕೆಲ್ಲ ಜಾಗವಿತ್ತು, ಅವರು ಹೇಳಿದ್ದಕ್ಕೆ ಒಂದು ಸಾಲೂ ಇರಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅಷ್ಟು.

ಅದೆಲ್ಲ ಮುಂದಿನ ಮಾತು. ಆ ಬುಧವಾರ ಅತ್ತೆಯವರನ್ನೂ ನಮ್ಮ ಮನೆಯವರನ್ನೂ ಚಿಕ್ಕೋಡಿಯಲ್ಲಿ ಬಿಟ್ಟು, ಎಮ್ಮೆ ಹಿಂಡಲು ಯಾರೂ ಇಲ್ಲವೆಂದು ನಾನೊಬ್ಬಳೇ ಹಾರೂಗೇರಿ ಮೇಲೆ ಹಾದು ಬರುವ ಬಸ್ಸು ಹಿಡಿದು ಬಂದೆ. ಬಾಗಿಲು ತೆರೆದಿದ್ದ ಅತ್ತೆಯವರ ಕೋಣೆಯೊಳಗೆ ಹೋಗುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಪಕ್ಕದ ತೋಟದ ಕಮಲಕ್ಕ ಹಾಲಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದರು. ಅತ್ತಿ ಎಲ್ರಿ ಅಂದರು. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ, ನೀರಿನದ್ದು, ಎಲುಬಿನದ್ದು, ಕುತ್ತಿಗೆಯ ಗ್ರಂಥಿಯದ್ದು. ಅವರು ನಾನು ಹೆಪ್ಪು ಹಾಕುತ್ತಿದ್ದ ಬಟ್ಟಲೊಳಗೆ ನೋಡುತ್ತ ಕೇಳಿಸಿಕೊಂಡರು.

“ನಮ್ಮತ್ತಿನೂ ಹಿಂಗ ನೀರು ನೀರು ಅಂತಿದ್ಲು ನೋಡ್ರಿ, ಎಲುಬು ಹಿಡಕೊಂಡ ಅಳತಿದ್ಲು. ವಯಸ್ಸಾಗೇತಿ ಅಂದಿವಿ. ಆರ ತಿಂಗಳಿಗೆ ಹೋದ್ಲು. ಸಾಕ್ರಿ, ಇಷ್ಟ ಹೆಪ್ಪು ಆಗ್ತೈತಿ.”